ಭೂಮಿಕಾ ಫೋನ್ ಎತ್ತಿದ ವರ್ಷ

ಸ್ಪೀಚ್ ಥೆರಪಿ ಓದಿ ಶಾಲೆಗಳಲ್ಲಿ ಕೆಲಸಕ್ಕೆ ಸೇರುವ ಹುಡುಗಿಯರು ನನ್ನನ್ನು ಕೇಳುವ ಮೊದಲ ಪ್ರಶ್ನೆ, "ಆಂಟಿ, ಉಗ್ಗು ಪೂರ್ತಿ ಹೋಗುತ್ತಾ?" ಎನ್ನುವುದು. ಕೆಲವರಿಗೆ ಹೋಗುತ್ತದೆ, ದೊಡ್ಡವರಾಗುವವರೆಗೂ ಉಳಿದುಬಿಟ್ಟರೆ ಸಾಮಾನ್ಯವಾಗಿ ಹೋಗುವುದಿಲ್ಲ ಎಂದು ನಾನು ಹೇಳುತ್ತೇನೆ. ಅವರ ಮುಖ ಸಪ್ಪಗಾಗುತ್ತದೆ. ಹಾಗಾದರೆ ಇಷ್ಟು ವರ್ಷ ನೀವು ಮಾಡಿದ್ದಾದರೂ ಏನು ಎಂಬ ಪ್ರಶ್ನೆಯನ್ನು ಮರ್ಯಾದೆಗೆ ಕೇಳದೆ ಬಿಡುತ್ತಾರೆ. ಅವರು ಕೇಳದ ಆ ಪ್ರಶ್ನೆಗೆ ಇಲ್ಲಿ ಉತ್ತರ ಬರೆಯುತ್ತೇನೆ.

ನಾನು ಮೈಸೂರಿನಲ್ಲಿ ಓದಿ, ಮದುವೆಯಾಗಿ ಅಮೆರಿಕದ ಮಿಷಿಗನ್ ರಾಜ್ಯಕ್ಕೆ, ಡೆಟ್ರಾಯಿಟ್ ಕಡೆಯ ಪ್ಲಿಮತ್‌ಗೆ ಬಂದವಳು. ಸುತ್ತಲಿನ ಶಾಲೆಗಳಲ್ಲಿ ಉಗ್ಗುವ, ತೊದಲುವ, ಮಾತು ತಡವಾದ ಮಕ್ಕಳಿಗೆ ಕಲಿಸುವುದು ನನ್ನ ಕೆಲಸವಾಗಿತ್ತು. ಕೋಣೆ ಅಂತ ಒಂದು ಸ್ಥಿರವಾಗಿ ಸಿಕ್ಕಿದ್ದು ಬಹಳ ತಡವಾಗಿ. ಅಲ್ಲಿಯವರೆಗೆ ಲೈಬ್ರರಿಯ ಮೂಲೆ, ನರ್ಸಿನ ಕೋಣೆ, ಒಮ್ಮೆ ಇಡೀ ವರ್ಷ ವಾದ್ಯಗಳನ್ನು ಇಡುವ ಉಗ್ರಾಣ. ಆ ಉಗ್ರಾಣದಲ್ಲಿ ಒಂದು ದೊಡ್ಡ ಡ್ರಮ್ ನನ್ನ ಮೇಜಾಗಿತ್ತು. ಈ ಕೆಲಸಕ್ಕೆ ಬರುವವರು ಇದಕ್ಕೆ ತಯಾರಾಗಿ ಬರಬೇಕು.

ಶುರುವಿನ ವರ್ಷಗಳಲ್ಲಿ ನನ್ನ ಕೈಯಲ್ಲಿ ಸದಾ ಒಂದು ಎಣಿಸುವ ಗುಂಡಿ ಇರುತ್ತಿತ್ತು. ಮಗು ಉಗ್ಗಿದಾಗಲೆಲ್ಲ ಅದನ್ನು ಟಿಕ್ ಎಂದು ಒತ್ತಬೇಕು. ತಿಂಗಳ ಕೊನೆಗೆ ಟಿಕ್‌ಗಳು ಕಡಿಮೆಯಾಗಿದ್ದರೆ ಮಗು ಸುಧಾರಿಸಿದೆ ಎಂದು ಅರ್ಥ. ಆಗಿನ ನನ್ನ ಮೇಲಧಿಕಾರಿಗೆ ಆ ಸಂಖ್ಯೆಯೇ ದೇವರು. ಮೂರನೇ ತರಗತಿಯ ಒಬ್ಬ ಹುಡುಗನ ಸಂಖ್ಯೆ ಚೆನ್ನಾಗಿ ಇಳಿಯುತ್ತಾ ಬಂತು. ನಾನು ಹಿಗ್ಗಿ ಅವನ ತಾಯಿಯನ್ನು ಕರೆಸಿದೆ. ಆಕೆ ಕೇಳಿದ್ದು ಒಂದೇ ಮಾತು: "ಇವನು ಈಗ ಮನೆಯಲ್ಲಿ ಬಾಯೇ ಬಿಡುತ್ತಿಲ್ಲ, ಇಲ್ಲಿ ಏನು ಮಾಡುತ್ತಿದ್ದೀರಿ?" ಮಾತಾಡದೆ ಇದ್ದರೆ ಟಿಕ್ ಬರುವುದಿಲ್ಲ ಎಂಬುದನ್ನು ಅವನು ಕಂಡುಕೊಂಡಿದ್ದ.

ಆಮೇಲೆ ಬಂದ ಮೇಲಧಿಕಾರಿ ಡಯಾನ್. ಎತ್ತರದ ಹೆಂಗಸು, ಮಾತು ಕಡಿಮೆ. ಒಂದು ದಿನ ನನ್ನ ಪಾಠ ನೋಡಲು ಬಂದು ಹಿಂದೆ ಕೂತಳು. ಮಕ್ಕಳು ಹೋದ ಮೇಲೆ ಆ ಗುಂಡಿಯನ್ನು ನನ್ನ ಕೈಯಿಂದ ತೆಗೆದುಕೊಂಡು ತನ್ನ ಕೋಟಿನ ಜೇಬಿಗೆ ಹಾಕಿಕೊಂಡಳು. "ಇನ್ನು ಮೇಲೆ ಬೇರೆಯದನ್ನು ನೋಡು. ಈ ವಾರ ಇವರಲ್ಲಿ ಎಷ್ಟು ಜನ ಕ್ಲಾಸಿನಲ್ಲಿ ಕೈಯೆತ್ತಿದರು ಅಂತ ನೋಡು" ಎಂದಳು. ಉಗ್ಗದಂತೆ ಮಾಡುವುದಲ್ಲ, ಉಗ್ಗಿಕೊಂಡೇ ಹೇಳಬೇಕಾದ್ದನ್ನು ಹೇಳುವಂತೆ ಮಾಡುವುದು ನಮ್ಮ ಕೆಲಸ ಎಂದು ನನಗೆ ಮನದಟ್ಟಾಗಲು ಇನ್ನೂ ಕೆಲವು ವರ್ಷ ಬೇಕಾಯಿತು. ಪೂರ್ತಿ ಮನದಟ್ಟಾದದ್ದು ಭೂಮಿಕಾಳಿಂದ.

ಭೂಮಿಕಾ ನನ್ನ ಬಳಿ ಬಂದದ್ದು ಹನ್ನೊಂದನೇ ತರಗತಿಯಲ್ಲಿ. ಇಲ್ಲೇ ಹುಟ್ಟಿ ಬೆಳೆದ ಹುಡುಗಿ. ಬಾಗಲಕೋಟೆ ಕಡೆಯ ತಂದೆ ಬಸವರಾಜ, ಕಾರಿನ ಬಿಡಿಭಾಗ ತಯಾರಿಸುವ ಕಂಪನಿಯಲ್ಲಿ ಎಂಜಿನಿಯರ್. ತಾಯಿ ಗಿರಿಜಾ ಆಸ್ಪತ್ರೆಯಲ್ಲಿ ಡಾಕ್ಟರ್. ಹುಡುಗಿ ಡಿಸ್ಕಸ್ ಎಸೆಯುತ್ತಿದ್ದಳು. ಅಗಲವಾದ ಭುಜ, ಗಟ್ಟಿ ಕಾಲು. ಆ ವೃತ್ತದೊಳಗೆ ನಿಂತು ಒಂದೂವರೆ ಸುತ್ತು ತಿರುಗಿ ತಟ್ಟೆಯನ್ನು ಬಿಟ್ಟಳೆಂದರೆ ನೋಡುತ್ತಿದ್ದವರು ಕತ್ತೆತ್ತಿಕೊಂಡೇ ಇರಬೇಕು. ಸಾವಿರ ಜನ ನೋಡುತ್ತಿದ್ದರೂ ಅವಳಿಗೆ ಅಳುಕಿರಲಿಲ್ಲ. ಅಳುಕಿದ್ದದ್ದು ಫೋನಿಗೆ.

ಇಲ್ಲಿ ಆಟದಲ್ಲಿ ಮುಂದಿರುವ ಹೈಸ್ಕೂಲ್ ಮಕ್ಕಳನ್ನು ಕಾಲೇಜುಗಳ ಕೋಚ್‌ಗಳೇ ತಮ್ಮ ತಂಡಕ್ಕೆ ಸೇರಿಸಿಕೊಳ್ಳಲು ಹುಡುಕಿಕೊಂಡು ಬರುತ್ತಾರೆ. ಹತ್ತನೇ ತರಗತಿ ಮುಗಿದ ಬೇಸಿಗೆಯಿಂದ ಅವರು ಫೋನ್ ಮಾಡಬಹುದು. ಭೂಮಿಕಾಳಿಗೂ ಫೋನ್‌ಗಳು ಶುರುವಾದವು. ಮೊದಲ ಕೋಚ್ ಕೇಳಿದ್ದು ಬಹಳ ಸುಲಭದ ಪ್ರಶ್ನೆ: "ಹಲೋ, ಯಾರು ಮಾತಾಡುತ್ತಿರುವುದು?" ಉಗ್ಗುವ ಬಹಳ ಜನರಿಗೆ ತಮ್ಮ ಹೆಸರಿನಷ್ಟು ಕಷ್ಟದ ಪದ ಇನ್ನೊಂದಿಲ್ಲ. ಬೇರೆ ಪದವಾದರೆ ಬದಲಿಸಬಹುದು, ಹೆಸರನ್ನು ಬದಲಿಸುವುದು ಹೇಗೆ? 'ಭ' ಹೊರಡಲಿಲ್ಲ. ತುಟಿ ಮುಚ್ಚಿಕೊಂಡೇ ಇತ್ತು, ಉಸಿರು ಒಳಗೇ ಇತ್ತು. ಆ ಕಡೆಯವನಿಗೆ ಏನೂ ಕೇಳಿಸದೆ, ಸಿಗ್ನಲ್ ಇಲ್ಲವೆಂದು ಇಟ್ಟುಬಿಟ್ಟ. ಎರಡನೆಯವನು ನಕ್ಕು, "ಏನು, ಹೆಸರೇ ಮರೆತುಹೋಯಿತಾ?" ಎಂದ. ಅವನು ತಮಾಷೆಗೆ ಅಂದದ್ದು. ಅವಳು ಅಂದಿನಿಂದ ಫೋನ್ ಎತ್ತುವುದನ್ನು ಬಿಟ್ಟಳು.

ಶಾಲೆ ತೆರೆದ ವಾರವೇ ಬಸವರಾಜ ನನ್ನ ಕೋಣೆಗೆ ಬಂದರು.

"ಮೇಡಂ, ಫೋನ್ ಬಂದ್ರ ಸಾಕು, ಬಾತ್‌ರೂಮಿಗೆ ಹೋಗಿ ಬಾಗಿಲಾ ಹಾಕ್ಕೊಂತಾಳ್ರಿ. ಕಡಿಗೆ ನಾನ ಎತ್ತಿ ಮಾತಾಡೇನಿ. ಅವ್ರು, 'ಸರ್, ನಿಮ್ಮ ಮಗಳ ಜೋಡಿ ಮಾತಾಡಬೇಕಾಗೇತಿ' ಅಂತಾರ. ನಾ ಏನ್ ಹೇಳ್ಲಿ? ಶವರ್ ಮಾಡಾಕತ್ತಾಳ ಅಂತ ಎಷ್ಟ್ ಸಲ ಹೇಳೂದ್ರಿ?"

"ನೀವು ಎತ್ತಬೇಡಿ ಸರ್" ಎಂದೆ.

"ನನಗ ತಡ್ಕೊಳ್ಳಾಕ ಆಗೂದಿಲ್ರಿ ಮೇಡಂ. ಅಕಿ ಬಾಯಾಗ ಮಾತು ಸಿಕ್ಕೊಂಡ್ರ ನನಗ ಉಸಿರು ಕಟ್ಟತೈತಿ. ಅದಕ್ಕ ನಾನ ಮುಗಿಸಿಬಿಡತೇನಿ."

ಒಳ್ಳೆಯ ತಂದೆ. ಆದರೆ ಆ ಮನೆಯಲ್ಲಿ ಮಗಳ ಅರ್ಧ ವಾಕ್ಯಗಳೆಲ್ಲ ಅಪ್ಪನ ಬಾಯಲ್ಲೇ ಮುಗಿಯುತ್ತಿದ್ದವು.

ಭೂಮಿಕಾ ಶಾಲೆಯ ಕೋಣೆಯೊಳಗೆ ನನ್ನನ್ನು ಮಿಸೆಸ್ ರಾವ್ ಎನ್ನುತ್ತಿದ್ದಳು, ಬಾಗಿಲು ದಾಟಿದರೆ ಆಂಟಿ. ಕನ್ನಡ ಚೆನ್ನಾಗಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲೇ. ಅವಳ ಮಾತನ್ನು ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಮೊದಲು ನಾನು ಮಾಡಿದ ಉಪಾಯ ಹಳೆಯ ಕಾಲದ್ದು. ಕೋಚ್‌ಗಳು ಏನು ಕೇಳಬಹುದೆಂದು ಇಬ್ಬರೂ ಕೂತು ಯೋಚಿಸಿ, ಉತ್ತರಗಳನ್ನು ಬರೆದು, ನಿಧಾನವಾಗಿ ಓದಲು ಅಭ್ಯಾಸ ಮಾಡಿದೆವು. ಎಷ್ಟು ದೂರ ಎಸೆದಿದ್ದೀಯ, ಯಾವ ವಿಷಯ ಇಷ್ಟ, ಭಾರ ಎತ್ತುವ ಅಭ್ಯಾಸ ಹೇಗೆ, ಎಲ್ಲಕ್ಕೂ ಉತ್ತರ ಸಿದ್ಧವಾಗಿತ್ತು. ಆ ವಾರ ಅವಳು ಧೈರ್ಯ ಮಾಡಿ ಫೋನ್ ಎತ್ತಿದಳು. ಆ ಕೋಚ್ ಇದ್ಯಾವುದನ್ನೂ ಕೇಳಲಿಲ್ಲ. "ನಿಮ್ಮ ಮನೆಯಲ್ಲಿ ನಾಯಿ ಇದೆಯಾ?" ಎಂದು ಕೇಳಿದಳು. ನಾಯಿ ಭೂಮಿಕಾಳ ಕಾಲ ಬಳಿಯೇ ಮಲಗಿತ್ತು. ಅವಳು "ಇಲ್ಲ" ಎಂದಳು.

"ಯಾಕೆ ಹಾಗಂದೆ?" ಎಂದು ಮರುದಿನ ಕೇಳಿದೆ.

"ಇದೆ ಅಂದ್ರೆ ಹೆಸರು ಕೇಳ್ತಾರೆ, ಯಾವ ಜಾತಿ ಅಂತ ಕೇಳ್ತಾರೆ. ಇಲ್ಲ ಅಂದ್ರೆ ಅಲ್ಲಿಗೆ ಮುಗೀತು."

ಇಬ್ಬರೂ ನಕ್ಕೆವು. ಆದರೆ ನಾನು ಬರೆಸಿದ ಉತ್ತರಗಳೆಲ್ಲ ವ್ಯರ್ಥ ಎಂದು ಆಗಲೇ ಗೊತ್ತಾಯಿತು. ಅವಳಿಗೆ ಬೇಕಾಗಿದ್ದದ್ದು ಉತ್ತರಗಳಲ್ಲ. ಮಾತು ನಿಂತಾಗ ಆ ನಿಶ್ಶಬ್ದದಲ್ಲಿ ಹೆದರದೆ ಇರುವುದು, ಆ ಕಡೆಯವರನ್ನೂ ಲೈನಿನಲ್ಲೇ ಇರಿಸಿಕೊಳ್ಳುವುದು.

ಹಾಗಾಗಿ ನಾವು ಪಿಜ್ಜಾ ಅಂಗಡಿಗಳಿಗೆ ಫೋನ್ ಮಾಡತೊಡಗಿದೆವು. ಎಷ್ಟು ಹೊತ್ತಿಗೆ ಮುಚ್ಚುತ್ತೀರಿ, ಅಣಬೆ ಹಾಕುತ್ತೀರಾ ಎಂದು ಕೇಳುವುದು. ಬೇಕೆಂದೇ ಉಗ್ಗಿ ಕೇಳುವುದು. ಮೊದಲು ನಾನು ಮಾಡಿದೆ. "ನೀವು ಮ... ಮ... ಮ..." ಎಂದು ನಾನು ನಿಂತಾಗ ಆ ಕಡೆಯವನು ಫೋನ್ ಇಟ್ಟೇಬಿಟ್ಟ. ನನ್ನ ಕೆನ್ನೆ ಬಿಸಿಯಾಯಿತು. ಇಷ್ಟು ವರ್ಷ ಈ ಮಕ್ಕಳಿಗೆ ಕಲಿಸಿದವಳು ನಾನು, ಒಂದು ದಿನವೂ ಅವರ ಜಾಗದಲ್ಲಿ ನಿಂತಿರಲಿಲ್ಲ. ಹೊಸದಾಗಿ ಕೆಲಸಕ್ಕೆ ಬರುವವರೆಲ್ಲ ಮೊದಲ ವಾರವೇ ಇದನ್ನೊಮ್ಮೆ ಮಾಡಿ ನೋಡಿ.

ಭೂಮಿಕಾಳ ಸರದಿ ಬಂದಾಗ ಒಬ್ಬ ಅಂಗಡಿಯವನು, "ನಿಧಾನ ಕಣಮ್ಮಾ, ಓವನ್ ಇನ್ನೂ ಬಿಸಿಯಾಗಿಲ್ಲ, ನನಗೇನೂ ಅರ್ಜೆಂಟಿಲ್ಲ" ಎಂದ. ಅವಳು ಬಾಯಿ ಮುಚ್ಚಿಕೊಂಡು ನಗುತ್ತಾ ನನ್ನ ಕಡೆ ನೋಡಿದಳು. ಅಂದು ಅವಳು ಇನ್ನೂ ನಾಲ್ಕಾರು ಅಂಗಡಿಗಳಿಗೆ ನನ್ನ ಒತ್ತಾಯವಿಲ್ಲದೆಯೇ ಫೋನ್ ಮಾಡಿದಳು.

ಕೊನೆಗೆ ಅವಳೇ ಒಂದು ಮಾತನ್ನು ಕಟ್ಟಿಕೊಂಡಳು. ಯಾವ ಕೋಚ್ ಫೋನ್ ಮಾಡಿದರೂ ಮೊದಲು ಅದನ್ನೇ ಹೇಳುವುದು: "ನಾನು ಉಗ್ಗುತ್ತೇನೆ. ಮಾತು ನಿಂತರೆ ಲೈನ್ ಹೋಯಿತು ಅಂದುಕೊಳ್ಳಬೇಡಿ, ನಾನು ಇಲ್ಲೇ ಇರುತ್ತೇನೆ." ಇದನ್ನು ಹೇಳುವಾಗಲೂ ಉಗ್ಗುತ್ತಿದ್ದಳು. ಆದರೆ ಹೇಳಿದ ಮೇಲೆ ಅವಳ ಭುಜ ಇಳಿಯುತ್ತಿತ್ತು, ಮುಚ್ಚಿಡುವುದಕ್ಕೆ ಇನ್ನೇನೂ ಇಲ್ಲವಲ್ಲ. ಕೆಲವು ಕೋಚ್‌ಗಳು ಮತ್ತೆ ಫೋನ್ ಮಾಡಲಿಲ್ಲ. ಹಲವರು ಮಾಡಿದರು. ಮಿಷಿಗನ್‌ನ ಉತ್ತರದ ತುದಿಯಲ್ಲಿ, ಸರೋವರದ ದಡದ ಒಂದು ಸಣ್ಣ ಕಾಲೇಜಿನ ಕೋಚ್, "ಸರಿ, ಹಾಗಾದರೆ ಕಾಫಿ ತಂದುಕೊಂಡು ಕೂರುತ್ತೇನೆ" ಎಂದನಂತೆ. ಅಲ್ಲಿ ಭೂವಿಜ್ಞಾನ ಚೆನ್ನಾಗಿ ಕಲಿಸುತ್ತಾರೆ. ಇವಳಿಗೆ ಕಲ್ಲುಗಳ ಹುಚ್ಚು. ಎಲ್ಲಿ ಹೋದರೂ ಜೇಬಿನಲ್ಲಿ ಒಂದೆರಡು ಕಲ್ಲು ತರುವವಳು.

ಇಲ್ಲಿಗೇ ಕತೆ ಮುಗಿದಿದ್ದರೆ ಚೆನ್ನಾಗಿತ್ತು. ಮೇ ತಿಂಗಳಲ್ಲಿ ದಕ್ಷಿಣದ ಒಂದು ದೊಡ್ಡ ಯೂನಿವರ್ಸಿಟಿಯಿಂದ ಫೋನ್ ಬಂತು. ಕೋಚ್ ರೀಸ್ ಎಂಬಾಕೆ, ಜೊತೆಗೆ ಅವಳ ಇಬ್ಬರು ಸಹಾಯಕರು, ಮೂವರೂ ಒಟ್ಟಿಗೆ ಸ್ಪೀಕರ್‌ನಲ್ಲಿ. ಒಬ್ಬರ ಮಾತಿನ ಮೇಲೆ ಒಬ್ಬರು. ಭೂಮಿಕಾ ಪರೀಕ್ಷೆ ಬರೆದು ಸುಸ್ತಾಗಿದ್ದಳು. "ಹಾಗಾದರೆ ಹೈಸ್ಕೂಲ್ ಮುಗಿದ ಮೇಲೆ ನೀನು ನಮ್ಮವಳು ತಾನೇ?" ಎಂದು ಕೋಚ್ ಕೇಳಿದಳು. ಇವಳು "ಹೂಂ" ಎಂದಳು. ಆ ಕಡೆ ಮೂವರೂ ಚಪ್ಪಾಳೆ ತಟ್ಟಿದರು. ಪಕ್ಕದ ಕೋಣೆಯಲ್ಲಿದ್ದ ಬಸವರಾಜರಿಗೂ ಕೇಳಿಸಿತು. ಸಂಜೆಯೊಳಗೆ ಡೆಟ್ರಾಯಿಟ್‌ನ ಕನ್ನಡಿಗರಿಗೆಲ್ಲ ವಾಟ್ಸ್ಯಾಪ್ ಹೋಯಿತು.

ಇದರ ಒಳಗುಟ್ಟು ನನಗೆ ಗೊತ್ತಾದದ್ದು ಜೂನ್‌ನಲ್ಲಿ, ನನ್ನ ನೌಕರಿಯ ಕೊನೆಯ ವಾರ. ಗೋಡೆಯ ಚಿತ್ರಗಳನ್ನು ಬಿಚ್ಚುತ್ತಿದ್ದೆ. ಭೂಮಿಕಾ ಬಂದು ಕುರ್ಚಿಯ ಮೇಲೆ ಕೂತಳು. ನಾನು ಅಭಿನಂದನೆ ಹೇಳಿದೆ. ಅವಳು ಅಳತೊಡಗಿದಳು.

"ಅಲ್ಲಿಗೆ ಹೋಗೋಕೆ ನನಗೆ ಇಷ್ಟವಿಲ್ಲ. ಇಲ್ಲ ಅಂದ್ರೆ ಯಾಕೆ ಅಂತ ಕೇಳ್ತಿದ್ರು. ಮೂರು ಜನ. ಹೂಂ ಅಂದ್ರೆ ಮುಗಿಯುತ್ತೆ ಅನ್ನಿಸ್ತು."

"ಬಾಯಿ ಮಾತು ತಾನೇ, ಸಹಿ ಹಾಕಿಲ್ಲವಲ್ಲ. ವಾಪಸ್ ತಗೋಬಹುದು. ಫೋನೇ ಮಾಡಬೇಕು ಅಂತಿಲ್ಲ ಕಣೇ, ಮೆಸೇಜ್ ಕಳಿಸಿದರೂ ತಪ್ಪೇನಿಲ್ಲ."

"ಅಪ್ಪನಿಗೂ ಮೆಸೇಜ್ ಕಳಿಸ್ಲಾ?"

"ನಾನು ಹೇಳಲಾ?" ಎಂದು ಕೇಳಿದೆ. ಬೇಡ ಎಂದು ತಲೆಯಾಡಿಸಿದಳು. ತಾನೇ ಹೇಳುತ್ತೇನೆ, ಸ್ವಲ್ಪ ದಿನ ಬೇಕು ಎಂದಳು. ಜುಲೈ ಕಳೆಯಿತು, ಹೇಳಲಿಲ್ಲ.

ಆಗಸ್ಟ್‌ನಲ್ಲಿ ಬಸವರಾಜ ಫೋನ್ ಮಾಡಿದರು. "ಮೇಡಂ, ನಾನು, ಭೂಮಿ ಶಿಕಾಗೋ ಬಾಜೂಕಿನ ಲೆಮಾಂಟ್ ಗುಡಿಗೆ ಹೊಂಟೇವಿ. ಅಕೀ ಹೆಸರ್ಲೆ ಅರ್ಚನೆ ಮಾಡಸೂದೈತಿ. ನಿಮ್ಮ ಮಗಳು ಅಲ್ಲೇ ಹತ್ರ ಓಕ್ ಬ್ರೂಕಿನ್ಯಾಗ ಅದಾಳಲ್ಲ, ಬರ್ರಿ ನಮ್ಮ ಜೋಡಿ, ಅಲ್ಲೇ ಇಳಿಸಿ ಬರತೇವಿ." ಹಿಂದಿನಿಂದ ಭೂಮಿಕಾಳ ದನಿ ಕೇಳಿಸಿತು: "ಆಂಟಿ, ಪ್ಲೀಸ್ ಬನ್ನಿ." ಅವಳು ಯಾಕೆ ಕರೆಯುತ್ತಿದ್ದಾಳೆಂದು ಗೊತ್ತಾಗಿ ಒಪ್ಪಿಕೊಂಡೆ.

ಬಸವರಾಜ ಡ್ರೈವ್ ಮಾಡುತ್ತಿದ್ದರು. ಪಕ್ಕದಲ್ಲಿ ಭೂಮಿಕಾ. ಹಿಂದಿನ ಸೀಟಿನಲ್ಲಿ ನಾನು, ನನ್ನ ತೊಡೆಯ ಮೇಲೆ ಒಂದು ದೊಡ್ಡ ಡಬ್ಬಿ. ಗಿರಿಜಾ ಡ್ಯೂಟಿಗೆ ಹೋಗುವ ಮುಂಚೆ ಶೇಂಗಾ ಹೋಳಿಗೆ ಮಾಡಿ ತುಂಬಿಸಿ ಕೊಟ್ಟಿದ್ದರು, ಮಗಳಿಗೆ ಸೀಟು ಸಿಕ್ಕ ಖುಷಿಗೆ ಗುಡಿಯಲ್ಲಿ ಸಿಕ್ಕವರಿಗೆಲ್ಲ ಹಂಚಲು. ಮಿಷಿಗನ್ ದಾಟಿದೆವು, ಇಂಡಿಯಾನಾ ದಾಟಿದೆವು. ಪ್ರತಿ ರೆಸ್ಟ್ ಏರಿಯಾದಲ್ಲೂ ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ಕಾದೆ. ಅವಳು ಕಿಟಕಿಯಾಚೆ ನೋಡುತ್ತಾ ಕೂತೇ ಇದ್ದಳು.

ಇಲಿನಾಯ್ಸ್‌ಗೆ ಬಂದ ಮೇಲೆ ಅವಳ ಫೋನ್ ರಿಂಗಾಯಿತು. ಫೋನ್ ಕಾರಿಗೆ ಸೇರಿಕೊಂಡಿತ್ತು. ಹಾಗಾಗಿ ಇಡೀ ಕಾರೇ ರಿಂಗಾಯಿತು. ಮುಂದಿನ ಪರದೆಯ ಮೇಲೆ 'ಕೋಚ್ ರೀಸ್' ಎಂದು ಹೆಸರು ಮೂಡಿತು. ಭೂಮಿಕಾ ಕೈ ಚಾಚುವಷ್ಟರಲ್ಲಿ ಬಸವರಾಜ ಸ್ಟಿಯರಿಂಗ್ ಮೇಲಿನ ಗುಂಡಿ ಒತ್ತಿಬಿಟ್ಟರು. ಅವರಿಗೆ ಸಂಭ್ರಮ.

"ಹಾಯ್ ಭೂಮಿಕಾ! ನೀನು ನಮ್ಮ ಕ್ಯಾಂಪಸ್ ನೋಡಲು ಬರುವುದಕ್ಕೆ ಒಂದು ದಿನ ಗೊತ್ತು ಮಾಡೋಣವೇ?" ಆಕೆಯ ದನಿ ನಾಲ್ಕೂ ಸ್ಪೀಕರ್‌ಗಳಿಂದ ಬಂತು.

ಭೂಮಿಕಾ ಒಮ್ಮೆ ತಿರುಗಿ ನನ್ನ ಮುಖ ನೋಡಿದಳು. ಅವಳು ಮುಂದೆ ತಿರುಗಿ ನೆಟ್ಟಗೆ ಕೂತಳು.

"ಕೋಚ್, ಮಾ... ಮಾತು ನಿಂತರೆ ನಾನು ಇಲ್ಲೇ ಇರ್ತೀನಿ. ಸ್ವಲ್ಪ ಕಾಯಿರಿ." ಆಮೇಲೆ, "ಐ ವಾಂಟ್ ಟು ಕ್..."

ಅಲ್ಲಿ ನಿಂತಿತು. ಅವಳ ಕತ್ತಿನ ನರ ಬಿಗಿದದ್ದು ನನಗೆ ಹಿಂದಿನಿಂದ ಕಾಣುತ್ತಿತ್ತು. ಪಕ್ಕದಲ್ಲಿ ಒಂದು ದೊಡ್ಡ ಟ್ರಕ್ ಹಾದುಹೋಯಿತು. ಬಸವರಾಜರ ಬಾಯಿ ತೆರೆಯಿತು. ಅವರು ಏನು ಹೇಳಹೊರಟಿದ್ದಾರೆಂದು ನನಗೆ ಗೊತ್ತಾಯಿತು: 'ಕಮ್'. ಬರುತ್ತೇನೆ ಅನ್ನುವುದಲ್ಲದೆ ಮಗಳು ಇನ್ನೇನು ಹೇಳಿಯಾಳು? ನಾನು ಮುಂದಕ್ಕೆ ಬಾಗಿ ಅವರ ಭುಜದ ಮೇಲೆ ಕೈಯಿಟ್ಟೆ. ಒತ್ತಲಿಲ್ಲ, ಸುಮ್ಮನೆ ಇಟ್ಟೆ. ಅವರು ಬಾಯಿ ಮುಚ್ಚಿದರು. ಆ ಕಡೆ ಕೋಚ್ ಕೂಡ ಕಾಯುತ್ತಿದ್ದಳು.

"ಕ್... ಕ್ಯಾನ್ಸಲ್" ಎಂದಳು ಭೂಮಿಕಾ.

ಆಮೇಲೆ ಬಂದದ್ದೆಲ್ಲ ತುಂಡು ತುಂಡಾಗಿ, ಆದರೆ ನಿಲ್ಲದೆ ಬಂತು. ಮೇ ತಿಂಗಳಲ್ಲಿ ನಾನು ಹೂಂ ಅಂದದ್ದು ಮನಸ್ಸಿನಿಂದ ಅಲ್ಲ. ಯಾಕೆ ಅಂತ ವಿವರಿಸುವುದು ಕಷ್ಟವಾಗಿ ಹಾಗಂದೆ. ನಿಮ್ಮನ್ನು ಕಾಯಿಸಿದ್ದಕ್ಕೆ ಕ್ಷಮಿಸಿ. ನಾನು ಉತ್ತರದ ಒಂದು ಸಣ್ಣ ಕಾಲೇಜಿಗೆ ಹೋಗಿ ಭೂವಿಜ್ಞಾನ ಓದಬೇಕು ಅಂತಿದ್ದೇನೆ. ಮನೆಯಲ್ಲೂ ಇದನ್ನು ಇನ್ನೂ ಹೇಳಿಲ್ಲ, ಅಪ್ಪ ಈಗ ಪಕ್ಕದಲ್ಲೇ ಕೇಳಿಸಿಕೊಳ್ಳುತ್ತಿದ್ದಾರೆ.

ಈಗ ನಿಶ್ಶಬ್ದ ಆ ಕಡೆಯಿಂದ. ಭೂಮಿಕಾ ಕಾದಳು. ಇಷ್ಟು ವರ್ಷ ಜನ ತನ್ನ ಮಾತಿಗೆ ಕಾಯಲಿ ಎಂದು ಹಂಬಲಿಸಿದವಳು ಈಗ ಬೇರೆಯವರ ಮಾತಿಗೆ ಆರಾಮಾಗಿ ಕಾದಳು.

"ನನಗೆ ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ" ಎಂದಳು ಕೋಚ್ ರೀಸ್. "ಆದರೆ ಅವತ್ತು ನಾವು ಮೂವರೂ ಒಟ್ಟಿಗೆ ಗಲಾಟೆ ಮಾಡಿದೆವು, ನಿನಗೆ ಮಾತಾಡಲು ಜಾಗವೇ ಕೊಡಲಿಲ್ಲ. ಅದು ನನಗೂ ಗೊತ್ತು. ಸರಿ, ಆ ಜಾಗವನ್ನು ಬೇರೆಯವರಿಗೆ ಕೊಡುತ್ತೇನೆ. ಚೆನ್ನಾಗಿ ಎಸೆ, ಆಯ್ತಾ?"

ಫೋನ್ ಕಟ್ಟಾಯಿತು. ತಕ್ಷಣ ದಾರಿ ಹೇಳುವ ಯಂತ್ರ ಮಾತಾಡತೊಡಗಿತು. ಲೆಮಾಂಟ್‌ಗೆ ತಿರುಗಬೇಕಾದ ಎಕ್ಸಿಟ್ ಆಗಲೇ ಹಿಂದೆ ಹೋಗಿತ್ತು.

ಬಸವರಾಜ ಮುಂದಿನ ಎಕ್ಸಿಟ್ ಹಿಡಿದು ಒಂದು ಗ್ಯಾಸ್ ಸ್ಟೇಷನ್ನಿನಲ್ಲಿ ಕಾರು ನಿಲ್ಲಿಸಿ ಇಳಿದರು. ಕಾರಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು, ನಮಗೆ ಬೆನ್ನು ಹಾಕಿ ನಿಂತರು. ಭೂಮಿಕಾ ಉಗುರು ಕಚ್ಚುತ್ತಿದ್ದಳು. ಕೊನೆಗೆ ಇಬ್ಬರೂ ಇಳಿದು ಹೋದೆವು.

ಅವರ ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆಂದುಕೊಂಡೆ. ತಿರುಗಿದಾಗ ನೋಡಿದರೆ ಕಣ್ಣಲ್ಲಿ ನೀರಿತ್ತು ನಿಜ, ಆದರೆ ನಗುತ್ತಿದ್ದರು.

"ನಾ 'ಕಮ್' ಅನ್ನಾಕ ಬಾಯಿ ತಗದಿದ್ದೆ ಮೇಡಂ. ಅಂದಬಿಟ್ಟಿದ್ರ ಏನ್ ಗತಿರಿ!" ಆಮೇಲೆ ಮಗಳ ಕಡೆ ತಿರುಗಿ ಮೆಲ್ಲಗೆ ಕೇಳಿದರು, "ಭೂಮಿ, ಹಿಂಗ ಎಷ್ಟ್ ಸಲ ನಿನ್ನ ಬಾಯಾಗ ನಾ ತಪ್ಪು ಮಾತು ತುರುಕೇನವಾ?"

"ತುಂಬಾ ಸಲ" ಎಂದಳು ಅವಳು. "ಏಳನೇ ಬರ್ತ್‌ಡೇಗೆ ಸೈಕಲ್ ಕೊಡಿಸಿದ್ರಲ್ಲ, ನಾನು 'ಬ್ಲ್...' ಅಂದ ಕೂಡಲೇ ಬ್ಲೂ ಅಂತ ಆರ್ಡರ್ ಮಾಡಿಬಿಟ್ರಿ. ನನಗೆ ಬೇಕಾಗಿದ್ದು ಬ್ಲ್ಯಾಕ್."

"ಅಯ್ಯ ಯಪ್ಪಾ! ಮತ್ತ ಆ ನೀಲಿ ಸೈಕಲ್ ನಾಕ್ ವರ್ಷ ಹೊಡದಿ?"

"ಹೊಡೆದೆ."

ಅವರು ಮಗಳನ್ನು ಅಪ್ಪಿಕೊಂಡರು. ಅವಳು ಅವರಿಗಿಂತ ಎತ್ತರ, ಹಾಗಾಗಿ ಅವಳೇ ಬಾಗಬೇಕಾಯಿತು. "ಅದ್ಯಾವ ಕಾಲೇಜು, ಅಲ್ಲಿ ಏನೇನೈತಿ, ನನಗ ಹೇಳು. ಪೂರಾ ಹೇಳು. ನಾ ನಡಕ್ ಬಾಯಿ ಹಾಕಂಗಿಲ್ಲ" ಎಂದರು. ಆಮೇಲೆ ಹಿಂದಿನ ಸೀಟಿನ ಡಬ್ಬಿ ನೆನಪಾಗಿ ನನ್ನನ್ನು ಕೇಳಿದರು, "ಹೋಳಿಗಿ ಏನ್ ಮಾಡೂದ್ರಿ ಈಗ?"

"ಹಂಚೋಣ ಸರ್, ಕಾಲೇಜಿಗಂತೂ ಹೋಗ್ತಾಳಲ್ಲ" ಎಂದೆ. ಆ ಡಬ್ಬಿಯಲ್ಲಿ ಮೊದಲನೆಯದನ್ನು ಅಲ್ಲೇ ಗ್ಯಾಸ್ ಪಂಪಿನ ಪಕ್ಕ ನಿಂತು ನಾನು ತಿಂದೆ. ಈಗ ಹಸಿವಾಗಿತ್ತು.

ಲೆಮಾಂಟ್ ತಲುಪಿ ಅರ್ಚನೆ ಮುಗಿಸಿ ಕೆಳಗೆ ಊಟಕ್ಕೆ ಸಾಲಿನಲ್ಲಿ ನಿಂತಾಗ ಶಿಕಾಗೋದ ಒಬ್ಬ ಪರಿಚಯಸ್ಥರು ಸಿಕ್ಕರು. "ಕಂಗ್ರಾಟ್ಸ್ ಬಸವರಾಜ್! ದೊಡ್ಡ ಯೂನಿವರ್ಸಿಟಿಯಂತೆ!" ಎಂದು ಕೈ ಕುಲುಕಿದರು.

"ಇಲ್ರಿ, ಅಲ್ಲಿ ಹೋಗಂಗಿಲ್ಲ ಅಕಿ."

"ಅರೆ, ಯಾಕ್ರೀ?"

ಬಸವರಾಜ ಉತ್ತರ ಕೊಡಲು ಬಾಯಿ ತೆರೆದರು. ಮುಚ್ಚಿದರು. ಮಗಳ ಕಡೆ ನೋಡಿದರು. "ಅಕೀನ್ನ ಕೇಳ್ರಿ" ಎಂದರು.

ಆ ದೊಡ್ಡಮನುಷ್ಯರು ಭೂಮಿಕಾಳ ಕಡೆ ತಿರುಗಿದರು. ಅವಳು ಶುರು ಮಾಡಿದಳು. ಮೊದಲ ಪದದಲ್ಲೇ ಮಾತು ನಿಂತಿತು. ಮುಂದೆ ಸಾಲು ಸರಿಯಿತು, ಹಿಂದಿನವರು ಮುಂದೆ ಹೋಗಿ ಎಂದು ಸನ್ನೆ ಮಾಡಿದರು. ಬಸವರಾಜ ತಟ್ಟೆ ಹಿಡಿದುಕೊಂಡು ಪಕ್ಕಕ್ಕೆ ಸರಿದು, ಅವರಿಗೆಲ್ಲ ದಾರಿ ಬಿಟ್ಟು, ಇಡೀ ದಿನ ಬಿಡುವಿರುವವರ ಹಾಗೆ ನಿಂತು ಮಗಳು ಹೇಳುವುದನ್ನು ಕೊನೆಯವರೆಗೆ ಕೇಳಿದರು.